ರೋಮಿನ ತಾಯಿಯ ಕೆನ್ನೆ

ಗೋಡೆಗೆ ತೂಗುಹಾಕುವ ಚಿತ್ರದ ಬಟ್ಟೆಗಳ ಊರು ಔಡೆನಾರ್ಡೆಯಲ್ಲಿ ಗಿಡ, ಬೇಲಿ, ಹುಲ್ಲು ನೇಯುವವರಿಗೆ ಬರವಿರಲಿಲ್ಲ. ಮನುಷ್ಯರ ಮುಖ ನೇಯಬಲ್ಲವರು ಮಾತ್ರ ಬೆರಳೆಣಿಕೆ. ಲೀವೆನ್ ಅವರಲ್ಲೊಬ್ಬ. ಮಗ್ಗದ ಮೇಲೆ ಬಗ್ಗಿ ಬಗ್ಗಿ ಅವನ ಬೆನ್ನು ನೆಟ್ಟಗಾಗುವುದನ್ನೇ ಮರೆತಿತ್ತು. ಬೆಳಿಗ್ಗೆ ಏಳುವಾಗಲೇ ಸುಸ್ತು. ಮುಖ ನೇಯುವವನೆಂಬ ಹೆಸರೊಂದನ್ನು ಹಿಡಿದುಕೊಂಡು ದಿನ ದೂಡುತ್ತಿದ್ದ.

ಈ ಕಸುಬಿನಲ್ಲಿ ನೇಯುವವನಿಗೆ ಕಾಣುವುದು ಬಟ್ಟೆಯ ಬೆನ್ನು ಮಾತ್ರ. ನೇಯ್ದಷ್ಟೂ ಸುರುಳಿಯಾಗಿ ಸುತ್ತಿಕೊಂಡು ಹೋಗುತ್ತದೆ. ಮಗ್ಗದಿಂದ ಕತ್ತರಿಸಿ ಇಳಿಸಿದ ಮೇಲೆ ಅದು ಹೆಂಗಸರ ಪಾಲು. ಬಣ್ಣ ಬಣ್ಣಗಳ ನಡುವೆ ಉಳಿದ ಸೀಳುಗಳನ್ನು ಅವರು ಹೊಲಿದು ಮುಚ್ಚಬೇಕು. ಮಗ್ಗಗಳ ಯಜಮಾನ ಪೌವೆಲ್ಸ್ ನೋಡುವುದು ಆಮೇಲೆಯೇ. ಲೀವೆನ್ ನೇಯ್ದ ಮುಖಗಳನ್ನು ಹೊಲಿಯುವವಳು ಅವನ ಹೆಂಡತಿ ಯೋಸಿನೆ.

ಈ ಸಲದ ಚಿತ್ರ, ಹುಟ್ಟೂರು ರೋಮಿನ ಮೇಲೇ ದಂಡೆತ್ತಿ ಬಂದ ಕೊರಿಯೊಲೇನಸ್‌ನನ್ನು ಅವನ ತಾಯಿ ತಡೆದು ನಿಲ್ಲಿಸುವುದು. ಕಣ್ಣು ಮಂಜಾಗುತ್ತಿದೆಯೆಂಬ ಅನುಮಾನ ಲೀವೆನ್‌ಗಿತ್ತು. ಆದರೆ ಹಿಂದಿನ ಮುಖಗಳನ್ನೆಲ್ಲ ಯಜಮಾನ ಹೊಗಳಿದ್ದನಲ್ಲ! ಈ ತಾಯಿ ಚೆನ್ನಾಗಿ ಬಂದರೆ ಮುಂದಿನ ಚಿತ್ರದ ಚಕ್ರವರ್ತಿಯ ಮುಖ ನೇಯುವುದೂ ಅವನೇ. ಕೆಟ್ಟರೆ ಸಾಯುವ ತನಕ ಅಂಚಿನ ಎಲೆಗಳು.

ಬಟ್ಟೆ ಇಳಿಸಿದ ಮರುದಿನ ಊಟದ ಹೊತ್ತಿಗೆ ಅವನು ಹೊಲಿಗೆಯ ಕೋಣೆಗೆ ಹೋದ. ಯೋಸಿನೆ ಒಬ್ಬಳೇ ಕಿಟಕಿಯ ಬಳಿ ಕೂತಿದ್ದಳು. ಹೊಲಿಯುತ್ತಿರಲಿಲ್ಲ, ಬಿಚ್ಚುತ್ತಿದ್ದಳು. ಮಡಿಲ ತುಂಬ ಹಸಿರು ನೂಲಿನ ಚೂರು.

“ಏನೇ ಅದು?”

“ಏನಿಲ್ಲ. ಹೋಗಿ ರೊಟ್ಟಿ ತಿನ್ನು.”

ಅವನು ಬಟ್ಟೆಯನ್ನು ಬಿಸಿಲಿಗೆ ಎಳೆದು ಮೂಗು ತಾಗುವಷ್ಟು ಹತ್ತಿರ ಬಗ್ಗಿದ. ತಾಯಿಯ ಒಂದು ಕೆನ್ನೆ ಹುಲ್ಲಿನ ಬಣ್ಣಕ್ಕಿತ್ತು. ನೆರಳಿಗೆ ಕಂದು ನೂಲಿನ ಕಂಡಿಕೆ ಎತ್ತಿಕೊಂಡೆನೆಂದುಕೊಂಡು ಹಸಿರನ್ನು ಎತ್ತಿಕೊಂಡಿದ್ದ.

“ಇದೊಂದೇನಾ?”

“ಹಿಂದೆ ನೇಯ್ದ್ಯಲ್ಲ, ಬೆಂಕೀಲಿ ಕೈ ಸುಟ್ಕೊಂಡ ರೋಮಿನವ್ನ ಮುಖ, ಅಲ್ಲಿಂದ ಎಲ್ಲಾ ಹೀಗೇ ಬಿಚ್ಚಿ ತುಂಬಿಸ್ತಿದೀನಿ.”

“ಅದನ್ನ ಯಜಮಾನ್ರು ಅಷ್ಟೊಂದು ಹೊಗಳಿದ್ರಲ್ಲೇ!”

“ಹೊಗಳಿದ್ರು. ನಾನೂ ಅಲ್ಲೇ ನಿಂತು ಕೇಳಿಸ್ಕೊಂಡೆ.”

“ಬಾಯಿ ಬಿಟ್ಟು ಹೇಳಕ್ಕೆ ಏನಾಗಿತ್ತು ನಿಂಗೆ?”

“ಹೇಳಿದ್ರೆ ಸುಮ್ನೆ ಎಲೆ ನೇಯ್ಕೊಂಡು ಇರ್ತಿದ್ಯಾ ನೀನು? ಮನೇಲಿ ನನ್ನ ತಲೆ ತಿಂದ್ಬಿಡ್ತಿದ್ದೆ.”

ಲೀವೆನ್‌ಗೆ ನಾಚಿಕೆಯಾಯಿತು. ಸಿಟ್ಟೂ ಬಂತು, ಆದರೆ ಕೂಗಾಡುವ ತ್ರಾಣವಿರಲಿಲ್ಲ. ಹೆಂಡತಿಯ ಪಕ್ಕದಲ್ಲಿ ಕುಸಿದು ಕೂತು, ಅವಳು ಕಂದು ದಾರದಿಂದ ಕೆನ್ನೆ ತುಂಬಿಸುವುದನ್ನೇ ನೋಡಿದ.

ಸೋಮವಾರ ಪೌವೆಲ್ಸ್ ಬಂದು ಆ ಕೆನ್ನೆಯ ಮುಂದೆ ತಲೆದೂಗಿದ. “ಚಕ್ರವರ್ತಿ ನಿಂದೇ ಕಣೋ.”

“ಬೇಡಿ ಯಜಮಾನ್ರೇ. ನಂಗೆ ಅಂಚು ಕೊಡಿ. ಕಣ್ಣು ಹೋಯ್ತು.”

ಪೌವೆಲ್ಸ್ ನಂಬಲಿಲ್ಲ, ಬೈದ, ಕೊನೆಗೆ ಎಲೆಗಳ ಕಡೆ ಕೈ ತೋರಿಸಿ ಹೋದ.

ಸಂಜೆ ಹೊಳೆಯ ದಂಡೆಯಲ್ಲಿ ಗಂಡ ಹೆಂಡತಿ ಇಬ್ಬರೂ ಮನೆಗೆ ಹೊರಟರು.

“ಅಂಚು ಕೇಳಿದ್ದಕ್ಕೆ ನಿಂಗೆ ಬೇಜಾರಾ?” ಎಂದ ಲೀವೆನ್.

“ಬೇಜಾರೇನು, ಬದುಕ್ಕೊಂಡೆ ಮಾರಾಯ,” ಎಂದಳು ಯೋಸಿನೆ. “ಕೆನ್ನೆ ಹಸಿರಾಗಿದೆ ಅಂದಿದ್ದೂ, ಆ ಕಂದು ದಾರ ಆರಿಸಿ ಕೊಟ್ಟಿದ್ದೂ ನನ್ನ ಜೊತೆ ಹೊಲಿಯೋ ಪಕ್ಕದ್ಮನೆ ಗ್ರೀಟೆ. ನಂಗೂ ಕಾಣ್ತಿಲ್ಲ.”