ಲ್ಯಾಪ್‌ಟಾಪಿನ ಕಂಬಚಿಗುರು

ನನ್ನ ಹೆಂಡತಿಯ ಮಾತು ಹೋದದ್ದು ಕಾಫಿ ಹೂ ಬಿಟ್ಟ ವಾರ. ಬೆಳಿಗ್ಗೆ ಒಲೆಯ ಮುಂದೆ ನಿಂತಿದ್ದವಳು ಲೋಟ ಕೈಬಿಟ್ಟಳು. ಸದ್ದಿಗೆ ನಾನು ತಿರುಗಿ ನೋಡಿದರೆ ಬಾಯಿ ಒಂದು ಕಡೆಗೆ ಸೊಟ್ಟಗಾಗಿತ್ತು. ಹಾಸನದ ಆಸ್ಪತ್ರೆಯಲ್ಲಿ ಸ್ಟ್ರೋಕ್ ಅಂದರು. ದೇವರು ದೊಡ್ಡವನು, ಕೈಕಾಲು ಬೇಗ ಸರಿಹೋದವು. ಮಾತು ಮಾತ್ರ ಬರಲಿಲ್ಲ. ನಾವು ಹೇಳಿದ್ದೆಲ್ಲ ಅವಳಿಗೆ ಅರ್ಥವಾಗುತ್ತಿತ್ತು, ತಾನು ಏನು ಹೇಳಬೇಕೆಂಬುದೂ ಗೊತ್ತಿರುತ್ತಿತ್ತು. ಬಾಯಿ ತೆರೆದರೆ ಎಲ್ಲದಕ್ಕೂ ‘ಅದು’ ಅನ್ನುವ ಒಂದೇ ಪದ. ನೀರು ಬೇಕಾದರೂ ಅದು, ನಾಯಿ ಒಳಗೆ ನುಗ್ಗಿದರೂ ಅದು.

ಪಾಳ್ಯದ ಆಚೆ ನಮ್ಮದು ಸಣ್ಣ ತೋಟ. ಜಗಲಿಯಲ್ಲಿ ನಿಂತು ಅವಳು ಕೂಗಿದರೆ ಕೆಳಗಿನ ಬೇಲಿಯ ಹತ್ತಿರ ಕೆಲಸ ಮಾಡುವ ಆಳುಗಳು ತಲೆಯೆತ್ತಿ ನೋಡುತ್ತಿದ್ದರು, ಅಂಥ ಗಂಟಲು. ನಾನು ಸಿಟ್ಟಿನ ಮನುಷ್ಯ, ಬಾಯಿಯೂ ಜಾಸ್ತಿ. ನಾನು ಹಾರಾಡಲು ಶುರು ಮಾಡಿದರೆ ಅಡುಗೆಮನೆಯಿಂದ ಒಂದೇ ಒಂದು ಮಾತು ಬರುತ್ತಿತ್ತು, ನಾನು ತಣ್ಣಗಾಗುತ್ತಿದ್ದೆ. ಈಗ ನನ್ನನ್ನು ತಡೆಯುವವರು ಯಾರೂ ಇರಲಿಲ್ಲ. ಮನೆಯಲ್ಲಿ ನನ್ನ ದನಿಯೊಂದೇ ಕೇಳುತ್ತಿತ್ತು. ಅದು ನನಗೇ ಹೆದರಿಕೆ ಹುಟ್ಟಿಸುತ್ತಿತ್ತು.

ಮಾತು ಕಲಿಸಲು ಹಾಸನದಲ್ಲಿ ಒಬ್ಬ ಮೇಡಂ ಸಿಕ್ಕಿದರು. ನಮಗೆ ಮಗಳಾಗುವ ವಯಸ್ಸು, ತಾಳ್ಮೆ ಮಾತ್ರ ಅಜ್ಜಿಯದು. ಆದರೆ ನನ್ನವಳಿಗೆ ದಾರಿಯ ತಿರುವುಗಳಲ್ಲಿ ವಾಂತಿ. ಹಾಸನ ಮುಟ್ಟುವಷ್ಟರಲ್ಲಿ ಸುಸ್ತಾಗಿ ಕುರ್ಚಿಯಲ್ಲೇ ನಿದ್ದೆಗೆ ಜಾರುತ್ತಿದ್ದಳು. “ಮನೆಯಿಂದ್ಲೇ ವಿಡಿಯೋದಲ್ಲಿ ಮಾಡೋಣ ಅಂಕಲ್. ಫೋನ್ ಬೇಡ, ನನ್ನ ತುಟಿ ಅಮ್ಮಂಗೆ ದೊಡ್ಡದಾಗಿ ಕಾಣ್ಬೇಕು. ಒಂದು ಸಾಧಾರಣ ಲ್ಯಾಪ್‌ಟಾಪ್ ಸಾಕು” ಅಂದರು ಮೇಡಂ. ಮೊದಲ ಕೆಲವು ತಿಂಗಳು ಬಹಳ ಮುಖ್ಯ, ಬಿಟ್ಟರೆ ಮಾತು ಹಾಗೇ ನಿಂತುಬಿಡಬಹುದು ಎಂದೂ ಅಂದರು. ಶುಕ್ರವಾರ ಹನ್ನೊಂದು ಗಂಟೆ ನಮ್ಮದು. ಕಾಯುವವರು ಬಹಳ ಜನ ಇದ್ದದ್ದರಿಂದ, ತಪ್ಪಿಸಿಕೊಂಡರೆ ಮತ್ತೆ ಮುಂದಿನ ತಿಂಗಳೇ.

ಸಕಲೇಶಪುರದ ಅಂಗಡಿಯಲ್ಲಿ ಇದ್ದುದರಲ್ಲಿ ಅಗ್ಗದ ಲ್ಯಾಪ್‌ಟಾಪ್ ತಂದೆ. ಪಾಳ್ಯದ ಕಡೆಯಿಂದ ತೋಟದ ನೆರಳಿಗೆ ನೆಟ್ಟ ಸಿಲ್ವರ್ ಮರಗಳಿಗೆ ಕಟ್ಟಿಕೊಂಡು ಬಂದ ಇಂಟರ್ನೆಟ್ ಕೇಬಲ್ ಮನೆಗಿತ್ತು. ವೈಫೈ ಡಬ್ಬಿಯಲ್ಲಿ ಹಸಿರು ದೀಪ ಉರಿಯುತ್ತಿದ್ದರೆ ಎಲ್ಲ ಸರಿ ಎಂಬಷ್ಟು ನನಗೂ ತಿಳಿದಿತ್ತು. ಪಾಸ್‌ವರ್ಡ್ ತಪ್ಪು ತಪ್ಪಾಗಿ ಒತ್ತಿ, ಬೈದು, ಮತ್ತೆ ಒತ್ತಿ, ಅಂತೂ ಕನೆಕ್ಟ್ ಆಯಿತು.

ಗುರುವಾರ ಮೇಡಂ ಸುಮ್ಮನೆ ಪರೀಕ್ಷೆಗೆಂದು ಕರೆ ಮಾಡಿದರು. ಅವರ ಮುಖ ಪರದೆಯ ತುಂಬ ಕಂಡಿತು. ನನ್ನವಳು ಸೀರೆಯ ಸೆರಗು ಸರಿಮಾಡಿಕೊಂಡು ಕೂತಳು. ಮೇಡಂ ತುಟಿ ದುಂಡಗೆ ಮಾಡಿ ತೋರಿಸುತ್ತಿದ್ದಂತೆ ಅವರ ಬಾಯಿಯ ಮೇಲೇ ಒಂದು ಕೆಂಪು ಪೆಟ್ಟಿಗೆ ಬಂದು ಕೂತಿತು. ನಿಮ್ಮ ಕಂಪ್ಯೂಟರ್ ಅಪಾಯದಲ್ಲಿದೆ, ಈಗಲೇ ಹಣ ಕಟ್ಟಿ ಎಂದು ಇಂಗ್ಲಿಷಿನಲ್ಲಿ ಬರೆದಿತ್ತು, ಜೊತೆಗೆ ಟಣ್ಣೆಂಬ ಸದ್ದು. ಮುಚ್ಚಿದರೆ ಇನ್ನೊಂದು, ಅದು ಯಾವುದೋ ಆಟದ್ದು. ಅದನ್ನೂ ಮುಚ್ಚಿದರೆ ಕೆಂಪು ಪೆಟ್ಟಿಗೆ ಮತ್ತೆ ಹಾಜರು. ತಾನೇ ಏನೋ ಕೆಡಿಸಿದೆ ಎಂದುಕೊಂಡಳೋ ಏನೋ, ನನ್ನವಳು ಕುರ್ಚಿ ಹಿಂದಕ್ಕೆ ತಳ್ಳಿ ಅತ್ತುಬಿಟ್ಟಳು. ನನಗೆ ಮೈಯೆಲ್ಲ ಉರಿಯಿತು.

ಆ ವಾರ ತೋಟದಲ್ಲಿ ಕಂಬಚಿಗುರು ತೆಗೆಸುತ್ತಿದ್ದೆ. ರೆಂಬೆ ಸವರಿ ಕವಾತು ಮಾಡಿದ ಕಾಫಿ ಗಿಡದ ಕಾಂಡದಿಂದ ನೆಟ್ಟಗೆ ಮೇಲೇಳುವ ಚಿಗುರು ಅದು. ಗಿಡದ ಸಾರ ಹೀರುತ್ತದೆ, ಫಸಲು ಕೊಡುವುದಿಲ್ಲ, ಎಳೆಯದಿರುವಾಗಲೇ ಚಿವುಟಿ ಹಾಕಬೇಕು. ಅನುಮಾನ ಬಂದರೆ ಕಿತ್ತುಹಾಕಿ ಎಂಬುದು ಆಳುಗಳಿಗೆ ನನ್ನ ಕಟ್ಟಪ್ಪಣೆ. ಹಿಂದಿನ ವರ್ಷಗಳಲ್ಲಿ ನನ್ನ ಹಿಂದೆಯೇ ಅವಳು ಬರುತ್ತಿದ್ದಳು, ರೆಂಬೆ ಒಣಗಿ ಖಾಲಿ ಬಿದ್ದ ಕಡೆ ಒಂದು ಚಿಗುರು ಬಿಡಿ ಎಂದು ಹೇಳುತ್ತ. ಆ ಒಂದು ಚಿಗುರಿನಿಂದಲೇ ಗಿಡ ತುಂಬಿಕೊಳ್ಳುತ್ತಿತ್ತು. ಇದನ್ನು ನಾನು ಅವಳ ಮುಂದೆ ಒಪ್ಪಿಕೊಂಡಿದ್ದು ಕಡಿಮೆ.

ಶುಕ್ರವಾರ ಬೆಳಿಗ್ಗೆ ಅರಣ್ಯ ಇಲಾಖೆಯವರ ಆನೆ ಮೆಸೇಜ್ ವಾಟ್ಸಾಪಿಗೆ ಬಂತು. ಹಿಂಡು ನಮ್ಮ ರಸ್ತೆಯ ಪಕ್ಕದ ತೋಟದಲ್ಲಿದೆ, ಓಡಾಡಬೇಡಿ ಎಂದು. ಆಳುಗಳು ಬರಲಿಲ್ಲ. ಕಾಫಿ ಕುಡಿದು ಲ್ಯಾಪ್‌ಟಾಪ್ ಮುಂದೆ ಕೂತೆ. ಅಂಗಡಿಯವನಿಗೆ ಹಿಂದಿನ ದಿನವೇ ಫೋನ್ ಮಾಡಿ, ಬೇಡದ ಸಾಫ್ಟ್‌ವೇರ್ ಎಲ್ಲಿ ತೆಗೆಯಬೇಕೆಂದು ಕೇಳಿಕೊಂಡಿದ್ದೆ. ಪಟ್ಟಿ ತೆರೆದರೆ ಮುಗಿಯುವಂತಿರಲಿಲ್ಲ. ಆಟಗಳು, ಸಿನಿಮಾ, ಅಂಗಡಿ, ಕೆಂಪು ಪೆಟ್ಟಿಗೆಯ ಯಜಮಾನ. ಒಂದೊಂದನ್ನೇ ತೆಗೆದೆ. ಕೆಂಪು ಪೆಟ್ಟಿಗೆ ಹೋಗುವ ಮುನ್ನ ‘ನಿಜವಾಗಿಯೂ ನಮ್ಮನ್ನು ಬಿಡುತ್ತೀರಾ’ ಎಂದು ಕೇಳಿತು. ನಾನು ಬಾಯಿಬಿಟ್ಟೇ ಉತ್ತರ ಕೊಟ್ಟೆ, ಇಲ್ಲಿ ಬರೆಯುವಂಥದ್ದಲ್ಲ.

ಆಮೇಲೆ ಕೈ ನಿಲ್ಲಲಿಲ್ಲ. ಹೆಸರು ಗೊತ್ತಿಲ್ಲದ್ದನ್ನೆಲ್ಲ ಚಿವುಟುತ್ತ ಹೋದೆ. ನನ್ನವಳು ಹಿಂದೆ ಬಂದು ನಿಂತಿದ್ದಳು. ಪಟ್ಟಿಯ ಒಂದು ಹೆಸರಿನ ಮುಂದೆ ಬೀಸಣಿಗೆಯಂಥ ಗುರುತಿತ್ತು. ಅದರ ಮೇಲೆ ಬೆರಳಿಟ್ಟು “ಅದು... ಅದು” ಅಂದಳು.

“ಹೂಂ ಕಣೇ, ಅದನ್ನೂ ತೆಗಿತೀನಿ” ಅಂದೆ.

ಅವಳು ನನ್ನ ತೋಳು ಹಿಡಿದು ಇನ್ನೂ ಜೋರಾಗಿ “ಅದು!” ಅಂದಳು.

“ತೆಗಿತಾ ಇದೀನಲ್ಲ, ಅವಸರ ಯಾಕೆ?” ಅಂದು ತೆಗೆದೇಬಿಟ್ಟೆ. ಆಫ್ ಮಾಡಿ ಆನ್ ಮಾಡು ಅಂದಿತು, ಮಾಡಿದೆ. ಪರದೆ ಗುಡಿಸಿದ ಅಂಗಳದಂತೆ ಚೊಕ್ಕವಾಗಿತ್ತು. ವೈಫೈಯೂ ಇರಲಿಲ್ಲ. ಪರದೆಯ ಮೂಲೆಯಲ್ಲಿದ್ದ ಅದೇ ಬೀಸಣಿಗೆ ಗುರುತು ಮಾಯವಾಗಿತ್ತು. ಡಬ್ಬಿಯ ಹಸಿರು ದೀಪ ಮಾತ್ರ ಏನೂ ಆಗಿಲ್ಲವೆಂಬಂತೆ ಉರಿಯುತ್ತಿತ್ತು. ಅವಳು ಹೇಳಲು ಬಂದದ್ದು ಏನೆಂದು ಆಗ ಗೊತ್ತಾಯಿತು. ತಿರುಗಿ ಅವಳ ಮುಖ ನೋಡುವ ಧೈರ್ಯ ಬರಲಿಲ್ಲ.

ನಮ್ಮಲ್ಲಿ ಫೋನ್ ಸಿಗ್ನಲ್ ಸಿಗುವುದು ಕಾಫಿ ಒಣಗಿಸುವ ಕಣದ ಮೂಲೆಯಲ್ಲಿ ಮಾತ್ರ. ಅಲ್ಲಿ ನಿಂತು ಅಂಗಡಿಗೆ ಮಾಡಿದರೆ ಎತ್ತುವವರಿಲ್ಲ, ಬಾಗಿಲು ತೆರೆಯುವುದು ಹತ್ತಕ್ಕೆ. ಕಣದಲ್ಲಿ ಅತ್ತಿಂದಿತ್ತ ತಿರುಗಿದೆ. ದೂರದಲ್ಲೆಲ್ಲೋ ಪಟಾಕಿ ಸದ್ದು ಕೇಳಿತು, ಆನೆ ಓಡಿಸುತ್ತಿರಬೇಕು. ಸ್ಕೂಟರ್ ಹತ್ತಿ ಹೋಗೇಬಿಡಲೇ ಅಂದುಕೊಂಡೆ. ದಾರಿಯಲ್ಲಿ ನನಗೇನಾದರೂ ಆದರೆ ಅವಳು ಯಾರನ್ನು ಹೇಗೆ ಕೂಗಿಯಾಳು ಎಂಬ ಯೋಚನೆ ಬಂದು ಅಲ್ಲೇ ನಿಂತೆ. ನನ್ನ ಕೈಗೆ ನಾನೇ ಶಾಪ ಹಾಕಿಕೊಂಡೆ.

ಹತ್ತೂವರೆ ದಾಟಿದ ಮೇಲೆ ಅಂಗಡಿಯವನು ಎತ್ತಿದ.

“ಏನೇನು ತೆಗೆದ್ರಿ ಸಾರ್?”

“ಬೇಡದ್ದೆಲ್ಲ.”

“ಬೇಡದ್ದು ಅಂತ ಯಾರು ಹೇಳಿದ್ರು ನಿಮ್ಗೆ? ವೈಫೈ ಹಿಡಿಯೋ ಡ್ರೈವರ್ನೇ ಕಿತ್ತಾಕ್ಬುಟ್ಟಿದೀರಲ್ಲ ಮಾರಾಯ್ರೇ! ಇಲ್ಲಿಗೆ ತನ್ನಿ, ಹಾಕ್ಕೊಡ್ತೀನಿ.”

“ರೋಡಲ್ಲಿ ಆನೆ ಐತೆ ಕಣ್ರೀ. ಹನ್ನೊಂದಕ್ಕೆ ಮೇಡಂ ಬರ್ತಾರೆ. ನನ್ನ ಹೆಂಡ್ತಿಗೆ ಮಾತು ಬರ್ಬೇಕು.”

ಅವನು ದನಿ ಇಳಿಸಿ, “ಫೋನಿಗೆ ಮನೆ ವೈಫೈ ಬರ್ತಾ ಐತಾ?” ಅಂದ.

“ಐತೆ.”

“ಹಂಗಾರೆ ಹೆದರ್ಬೇಡಿ. ಚಾರ್ಜರ್ ವೈರ್ ತಗಂಡು ಒಂದು ತುದಿ ಫೋನಿಗೆ, ಒಂದು ತುದಿ ಲ್ಯಾಪ್‌ಟಾಪಿಗೆ ಹಾಕಿ. ಫೋನ್ ಸೆಟ್ಟಿಂಗಲ್ಲಿ ಹಾಟ್‌ಸ್ಪಾಟ್ ಐತಲ್ಲ, ಅಲ್ಲೇ ಯುಎಸ್‌ಬಿ ಅಂತ ಇರ್ತದೆ, ಆನ್ ಮಾಡಿ. ಫೋನಿಗೆ ಬರೋ ನೆಟ್ಟು ವೈರಲ್ಲಿ ಹೋಗ್ತದೆ. ಮೇಡಂ ಮುಗಿಸಿದ್ಮೇಲೆ ಅಪ್‌ಡೇಟ್ ಕೊಡಿ, ಕಿತ್ತಿದ್ದು ತಾನೇ ಬಂದು ಕೂತ್ಕತದೆ. ಅಲ್ಲೀಗಂಟ ಇನ್ನೇನೂ ತೆಗೀಬೇಡಿ ಸಾರ್, ಕೈ ಮುಗಿತೀನಿ.”

ಒಳಗೆ ಓಡಿದೆ. ವೈರ್ ಕಾಣಲಿಲ್ಲ. “ವೈರ್ ಎಲ್ಲೇ? ಮೇಜಿನ ಮೇಲಾ? ಕಪಾಟಲ್ಲಾ? ದಿಂಬಿನ ಹತ್ರಾನಾ?” ಎಂದು ಕೂಗಾಡಿದೆ. ಅವಳು ಅದು ಅನ್ನಲು ಕೂಡ ನಾನು ಬಿಡುವು ಕೊಟ್ಟಿರಲಿಲ್ಲ. ನನ್ನ ಮುಖದ ಮುಂದೆ ಕೈ ಚಾಚಿದಳು. ವೈರ್ ಆಗಲೇ ಅವಳ ಕೈಯಲ್ಲಿತ್ತು.

ತುದಿಯನ್ನು ತಿರುಗಾಮುರುಗಾ ತುರುಕಿ, ಕೊನೆಗೆ ಸರಿ ಕೂರಿಸಿದೆ. ಯುಎಸ್‌ಬಿ ಆನ್ ಮಾಡಿದೆ. ಸ್ವಲ್ಪ ಹೊತ್ತು ಏನೂ ಇಲ್ಲ. ಹನ್ನೊಂದು ಹೊಡೆಯಿತು. ಮೂಲೆಯಲ್ಲಿ ಸಣ್ಣ ಗುರುತೊಂದು ಮೂಡಿತು, ಅದರ ಹಿಂದೆಯೇ ಮೇಡಂ ಮುಖ ಬಂತು. ಈ ಸಲ ಅವರ ಬಾಯಿಯ ಮೇಲೆ ಯಾವ ಪೆಟ್ಟಿಗೆಯೂ ಕೂರಲಿಲ್ಲ.

ಮೇಡಂ ಚಿತ್ರ ತೋರಿಸಿದರು. ಲೋಟ. “ಇದೇನಮ್ಮಾ?”

“ಅದು.”

“ಲೋ... ಲೋ...” ಎಂದು ನಾನು ಪಕ್ಕದಿಂದ ಎತ್ತಿಕೊಟ್ಟೆ.

“ಅಂಕಲ್, ಅಮ್ಮ ಹೇಳ್ಲಿ” ಅಂದರು ಮೇಡಂ. ತಲೆಯಾಡಿಸಿದೆ.

ಹಸು ಬಂತು. ಅವಳ ತುಟಿ ಅಲುಗುತ್ತಿತ್ತು, ಹಣೆಯಲ್ಲಿ ಬೆವರು. ಇಷ್ಟೆಲ್ಲ ಪಾಡುಪಟ್ಟು ಸಿಕ್ಕ ಗಳಿಗೆ ಸುಮ್ಮನೆ ಸೋರಿಹೋಗುತ್ತಿದೆಯಲ್ಲ ಎಂದು ನನಗೆ ಸಂಕಟ. “ಹಸು ಕಣೇ, ನಮ್ಮನೇದೇ ಇಲ್ವಾ, ಹ... ಹಸು” ಅಂದುಬಿಟ್ಟೆ. ಮೇಡಂ ನನ್ನ ಕಡೆ ನೋಡಿ ನಿಟ್ಟುಸಿರು ಬಿಟ್ಟರು.

ಏಣಿ ಬಂತು. ಮೆಣಸು ಕೊಯ್ಯುವ ಕಾಲಕ್ಕೆ ದಿನವೂ ಅವಳ ಕಣ್ಣೆದುರಿಗೇ ಇರುವ ಏಣಿ. ಅವಳು ಚಿತ್ರವನ್ನೇ ನೋಡುತ್ತಿದ್ದಳು. ಗಂಟಲು ಏನನ್ನೋ ಮೇಲೆತ್ತಲು ಹೆಣಗುತ್ತಿತ್ತು. ನಾನು ಅವಳ ಕಿವಿಯತ್ತ ಬಾಗಿ “ಏ...” ಅಂದೆ.

ಅವಳು ಸರಕ್ಕನೆ ನನ್ನ ಕಡೆ ತಿರುಗಿದಳು.

“ಸುಮ್ನಿರಿ!”

ಒಂದಕ್ಷರ ತೊದಲಲಿಲ್ಲ. ಹೂ ಬಿಟ್ಟ ವಾರಕ್ಕೆ ಮೊದಲು ಅಡುಗೆಮನೆಯಿಂದ ಬರುತ್ತಿದ್ದ ಅದೇ ಮಾತು, ಅದೇ ಗದರಿಕೆ. ಹೇಳಿದ ಮೇಲೆ ಅವಳೇ ಬೆಚ್ಚಿ ಬಾಯಿಯ ಮೇಲೆ ಕೈಯಿಟ್ಟುಕೊಂಡಳು. ಪರದೆಯಲ್ಲಿ ಮೇಡಂ ಎರಡೂ ಕೈ ಕೆನ್ನೆಗೊತ್ತಿಕೊಂಡು ನಗುತ್ತಿದ್ದರು.

ಇನ್ನೊಂದು ಸಲ ಹೇಳೇ, ನಿನ್ನ ಕಾಲಿಗೆ ಬೀಳ್ತೀನಿ ಎಂದು ಬೇಡಿಕೊಳ್ಳಬೇಕೆನಿಸಿತು. ಮಾತು ನಾಲಿಗೆಯ ತುದಿಗೇ ಬಂದಿತ್ತು. ಅವಳು ಆಗಲೇ ಏಣಿಯ ಕಡೆ ತಿರುಗಿ ತುಟಿ ಅಗಲಿಸುತ್ತಿದ್ದಳು. ನಾನು ಕುರ್ಚಿಯನ್ನು ಮೆಲ್ಲಗೆ ಹಿಂದಕ್ಕೆ ಸರಿಸಿಕೊಂಡು ಸುಮ್ಮನಿದ್ದೆ.