ಕೆಂಡ ತಾಕಿದ್ದು ತಿಳಿಯದ ಕಾಲು

ಸೇಡಂನ ನಮ್ಮ ಓಣಿಯಲ್ಲಿ ಮೊನ್ನೆ ಯಾರೋ ಹಲ್ಲಿಗೆ ತಿಕ್ಕುವ ಮಿಶ್ರಿ ಮಾಡಲು ಹಂಚಿನ ಮೇಲೆ ತಂಬಾಕು ಹುರಿಯುತ್ತಿದ್ದರು. ಆ ಘಾಟು ಮೂಗಿಗೆ ಬಡಿದದ್ದೇ ತಡ, ಕುಂಚಾವರಂ ಕಡೆಯ ತಾಂಡಾದ ಶಾಲೆ ಕಣ್ಣಿಗೆ ಬಂತು. ನಾನು ಅಲ್ಲಿ ಟೀಚರ್ ಆಗಿದ್ದಾಗ ಬಿಸಿಯೂಟ ಮಾಡುತ್ತಿದ್ದ ಲಂಬಾಣಿ ಹೆಂಗಸನ್ನು ಮಕ್ಕಳೆಲ್ಲ ಯಾಡಿ ಎನ್ನುತ್ತಿದ್ದರು. ಅವರ ಮಾತಿನಲ್ಲಿ ಯಾಡಿ ಎಂದರೆ ತಾಯಿ. ನಾನೂ ಹಾಗೇ ಕರೆಯತೊಡಗಿದೆ.

ಬೆಳಗ್ಗೆ ಮಿಶ್ರಿ ತಿಕ್ಕಿಕೊಂಡು ಒಲೆ ಮುಂದೆ ಕೂತರೆ ಮಕ್ಕಳ ಊಟ ಮುಗಿಯುವ ತನಕ ಅವಳು ಅನ್ನ ಮುಟ್ಟುತ್ತಿರಲಿಲ್ಲ. ಮಿಶ್ರಿ ಇದ್ದರೆ ಹಸಿವೆಯೇ ಗೊತ್ತಾಗುವುದಿಲ್ಲ ಎಂದು ನಗುತ್ತಿದ್ದಳು. ಒಮ್ಮೆ ತಾಂಡಾಕ್ಕೆ ಬಂದ ನರ್ಸ್ ರಕ್ತ ಪರೀಕ್ಷಿಸಿ, ತೋಳಿಗೆ ಪಟ್ಟಿ ಕಟ್ಟಿ ನೋಡಿ, ಶುಗರ್, ಬಿ.ಪಿ. ಎರಡೂ ಇವೆ ಎಂದು ಗುಳಿಗೆ ಕೊಟ್ಟು ಹೋದರು. ಅವು ಮುಗಿದ ಮೇಲೆ ಕಾಡುದಾರಿ ನಡೆದು, ಬಸ್ಸು ಹಿಡಿದು ಚಿಂಚೋಳಿಯ ಆಸ್ಪತ್ರೆಗೆ ಹೋಗಬೇಕಿತ್ತು. ಹೋಗಿಬರಲು ಇಡೀ ದಿನ ಬೇಕು. ಅವತ್ತು ಒಲೆ ಹಚ್ಚುವವರು ಯಾರು? ಆಮೇಲಾಮೇಲೆ ಹೋಗುವುದನ್ನೇ ಬಿಟ್ಟಳು. ನಾನು ಗದರಿದರೆ, "ಮೈಯಾಗ ಏನೂ ತ್ರಾಸ ಇಲ್ಲಲ್ರಿ ಟೀಚರ್, ಸುಮ್ನ ಗುಳಿಗಿ ಯಾಕ ನುಂಗ್ಲಿ?" ಎನ್ನುತ್ತಿದ್ದಳು.

ಒಂದು ದಿನ ಪಾಠ ಮಾಡುತ್ತಿದ್ದಾಗ ಚರ್ಮ ಸುಟ್ಟ ವಾಸನೆ ಬಂತು. ಓಡಿಹೋಗಿ ನೋಡಿದರೆ ಯಾಡಿ ಬರಿಗಾಲಲ್ಲಿ ಕೆಂಡದ ಮೇಲೆ ನಿಂತು ಸಾಂಬಾರು ತಿರುವುತ್ತಿದ್ದಳು! ತೋಳು ಹಿಡಿದು ಎಳೆದೆ. ಅವಳು ತನ್ನ ಪಾದವನ್ನು ಬೇರೆ ಯಾರದೋ ಎಂಬಂತೆ ನೋಡಿದಳು.

"ಏ, ನನಗ ಗೊತ್ತೇ ಆಗಿಲ್ಲಲ್ರಿ..."

ಆ ಮುಖದಲ್ಲಿ ಮೊದಲ ಸಲ ಭಯ ಕಂಡೆ.

ಗಾಯ ಮಾಯಲಿಲ್ಲ. ಸೊಪ್ಪು ಅರೆದು ಕಟ್ಟಿದಳು. ಬೆರಳು ಕಪ್ಪಾದವು. ಅವಳನ್ನೂ ಅವಳ ಮಗಳನ್ನೂ ಒತ್ತಾಯ ಮಾಡಿ ಕಲಬುರಗಿಗೆ ಕರೆದುಕೊಂಡು ಹೋದೆ. ಶುಗರಿನಿಂದ ಪಾದ ಮರಗಟ್ಟಿದೆ, ಮೊಣಕಾಲ ಕೆಳಗೆ ಕಾಲು ತೆಗೆಯದಿದ್ದರೆ ಜೀವಕ್ಕೇ ಅಪಾಯ ಎಂದರು ಡಾಕ್ಟರು.

"ಕಾಲಿಲ್ದಾಕಿ ಗುಡ್ಡ ಹ್ಯಾಂಗ ಏರ್ಲಿರಿ? ನಮ್ಮ ಮನಿ ತನಕ ಗಾಡಿನೂ ಬರಂಗಿಲ್ಲ," ಎಂದು ಯಾಡಿ ಅವರನ್ನೇ ಕೇಳಿದಳು. ಉತ್ತರಕ್ಕೂ ಕಾಯದೆ ಎದ್ದು ಬಂದುಬಿಟ್ಟಳು.

ನಂಜು ಮೈಗೇರಿ ಜ್ವರ ಬಂತು. ಆಗ ಮಗಳ ಕೈಲಿ ಹೇಳಿಕಳಿಸಿದಳು: "ಕಾಲ್ ತೆಗೀಲಿ ಅಂತ ಹೇಳ್ರಿ ಟೀಚರ್. ನಾ ಬದುಕಬೇಕು."

ಅವತ್ತು ಹಳ್ಳ ತುಂಬಿ ಹರಿಯುತ್ತಿತ್ತು. ಆಂಬುಲೆನ್ಸ್ ಆಚೆ ದಡಕ್ಕೆ ಬಂದು ನಿಂತಿತ್ತು. ಹೊರಸಿನ ಮೇಲೆ ಅವಳನ್ನು ಹೊತ್ತು ತಂದ ಗಂಡಸರು ಈಚೆ ದಡದಲ್ಲಿ ಹೊರಸು ಇಳಿಸಿ, ನೀರು ಇಳಿಯಲೆಂದು ಕಾದರು. ಅವಳು ನನ್ನ ಕೈ ಗಟ್ಟಿಯಾಗಿ ಹಿಡಿದಿದ್ದಳು. ಆ ಹಿಡಿತ ಸಡಿಲಾದದ್ದು ಯಾವಾಗಲೋ... ನೀರು ಇಳಿಯುವ ಮೊದಲೇ.

ಈಗ ಆ ಶಾಲೆಯಲ್ಲಿ ಅವಳ ಮಗಳೇ ಅಡುಗೆ ಮಾಡುತ್ತಾಳೆ. ನಿನ್ನೆ ಫೋನ್ ಮಾಡಿದೆ.

"ನನಗೂ ಶುಗರ್ ಅದ ಅಂತ್ರಿ ಟೀಚರ್. ಗುಳಿಗಿ ಮುಗದಾವ."

ನಾಳೆಯೇ ಚಿಂಚೋಳಿಗೆ ಹೋಗಿ ಬಾ ಎಂದೆ. ಹೂಂ ಎಂದಳು. ಅವಳು ಹೋಗುವುದಿಲ್ಲ ಎಂದು ಆ ದನಿಯಲ್ಲೇ ತಿಳಿಯಿತು. ಯಾಡಿ ಇದ್ದಿದ್ದರೆ ಮಗಳ ರಟ್ಟೆ ಹಿಡಿದು ತಾನೇ ಕರೆದೊಯ್ಯುತ್ತಿದ್ದಳೇನೋ... ಯಾಡಿ ಇಲ್ಲ.