ವ್ಯಾಸಪೀಠದ ಮೇಲಿನ ಕೊಲೆಗಳು

ವ್ಯಾಸಪೀಠವನ್ನು ನೀವು ನೋಡಿಯೇ ಇರುತ್ತೀರಿ. ಎರಡು ಹಲಗೆಗಳು ಬೆರಳಿಗೆ ಬೆರಳು ಹೆಣೆದುಕೊಂಡು ನಿಂತು, ತೆರೆದ ಗ್ರಂಥವನ್ನು ಬೊಗಸೆಯಲ್ಲಿ ಹಿಡಿದಂತೆ ಹಿಡಿದುಕೊಳ್ಳುವ, ಕೆಲಸ ಮುಗಿದ ಮೇಲೆ ಮಡಚಿಕೊಂಡು ಗೋಡೆಗೊರಗಿ ಸುಮ್ಮನಾಗುವ ಸಾಧು ವಸ್ತು ಅದು. ನಮ್ಮ ಕಡೆಯ ಮನೆಗಳಲ್ಲಿ ಮಳೆಗಾಲದ ಆಟಿ ತಿಂಗಳು ಬಂದಾಗ ಅದರ ಮೇಲೆ ರಾಮಾಯಣ ಕೂರುತ್ತಿತ್ತು. ನಾನು ಎಣ್ಮಕಜೆಯ ವನಜಳ ಮನೆಗೆ ಮೊದಲ ಸಲ ಹೋದಾಗ ಅಲ್ಲಿನ ಹಲಸಿನ ಮರದ ವ್ಯಾಸಪೀಠದ ಮೇಲೆ ಕೂತಿದ್ದದ್ದು ಮಾತ್ರ, ಮುಖಪುಟದಲ್ಲಿ ನೆತ್ತರು ತೊಟ್ಟಿಕ್ಕುವ ಚೂರಿಯಿದ್ದ ಒಂದು ಪತ್ತೇದಾರಿ ಕಾದಂಬರಿ. ಪಕ್ಕದಲ್ಲಿ ಹೊಗೆಯಾಡುತ್ತಿದ್ದದ್ದೂ ಅಗರಬತ್ತಿಯಲ್ಲ, ಸೊಳ್ಳೆಬತ್ತಿ. ವನಜಳ ಅಜ್ಜ ಅದರ ಮುಂದೆ ಕೂತು ಸುಂದರಕಾಂಡ ಓದುತ್ತಿದ್ದರಂತೆ. ಲಂಕೆಯನ್ನು ಸುಟ್ಟದ್ದನ್ನೇ ಕಂಡ ಹಲಗೆಗೆ ಒಂದು ಚೂರಿ ಯಾವ ಲೆಕ್ಕ ಎಂದು ನಾನು ಸಮಾಧಾನ ಮಾಡಿಕೊಂಡೆ.

ನನ್ನ ಬಗ್ಗೆ ಸ್ವಲ್ಪ ಹೇಳಬೇಕು. ನನ್ನದು ಗಡಿಯಾಚೆ ಕೇರಳಕ್ಕೆ ಸೇರಿದ ಕುಂಬ್ಡಾಜೆಯ ಮನೆ, ಶಾಲೆಯಲ್ಲಿ ಕನ್ನಡ ಕಲಿಸುವ ಕೆಲಸ. ಕನ್ನಡ ಟೀಚರೆಂದರೆ ಹಳಗನ್ನಡ ಕಾವ್ಯವನ್ನು ತಲೆದಿಂಬಾಗಿ ಇಟ್ಟುಕೊಂಡು ಮಲಗುವವಳು ಎಂದು ಊರು ನಂಬಿದೆ, ಆ ನಂಬಿಕೆಯನ್ನು ಕೆಡಿಸುವ ಮನಸ್ಸು ನನಗೂ ಇಲ್ಲ. ಆದರೆ ದಿಂಬಿನ ಅಡಿಯಲ್ಲಿರುವುದು ಬೇರೆ. ತಿಂಗಳಿಗೊಮ್ಮೆ ಮಂಗಳೂರಿಗೆ ಹೋಗಿ, ಹೊಸದಾಗಿ ಬಂದ ಕೊಲೆ, ಕಳವು, ಅಪಹರಣಗಳನ್ನೆಲ್ಲ ಒಂದು ಬಟ್ಟೆಚೀಲದಲ್ಲಿ ತುಂಬಿಕೊಂಡು, ಬಸ್ಸಿನ ಕಿಟಕಿಯ ಪಕ್ಕ ಕೂತು ಮೊದಲ ಪುಟ ತೆರೆಯುವಾಗ ಸಿಗುವ ಸುಖ ನನಗೆ ಬೇರೆ ಯಾವುದರಲ್ಲೂ ಸಿಕ್ಕಿಲ್ಲ. ಹೊರಗೆ ಗುಡ್ಡಗಳು ಹಿಂದಕ್ಕೆ ತೇಲಿ ಹೋಗುತ್ತಿರುತ್ತವೆ, ಒಳಗೆ ಯಾರೋ ಒಬ್ಬರು ಬೀಗ ಹಾಕಿದ ಕೋಣೆಯಲ್ಲಿ ಸತ್ತು ಬಿದ್ದಿರುತ್ತಾರೆ. ಈ ಎರಡು ಲೋಕಗಳ ನಡುವೆ, ಅರೆ ಎಚ್ಚರ ಅರೆ ಕನಸಿನಲ್ಲಿ, ಗಡಿ ದಾಟಿದ್ದೂ ಗೊತ್ತಾಗದೆ ಕೇರಳಕ್ಕೆ ಬಂದುಬಿಟ್ಟಿರುತ್ತೇನೆ.

ಶನಿವಾರಗಳಲ್ಲಿ ನಾನು ನಮ್ಮ ವಾಯನಶಾಲೆಯಲ್ಲಿ, ಅಂದರೆ ಊರಿನ ಗ್ರಂಥಾಲಯದಲ್ಲಿ, ಕನ್ನಡ ಕಪಾಟಿನ ಹತ್ತಿರ ಕೂರುತ್ತೇನೆ. ಉಳಿದ ಕಪಾಟುಗಳೆಲ್ಲ ಮಲಯಾಳದವು. ಅಂಥದೊಂದು ಶನಿವಾರ ನಡುವಯಸ್ಸು ದಾಟಿದ ಹೆಂಗಸೊಬ್ಬರು ಬಂದು, ಸುತ್ತ ಯಾರೂ ಇಲ್ಲವೆಂದು ನೋಡಿಕೊಂಡು, ತರಕಾರಿ ಕೇಳುವ ದನಿಯಲ್ಲಿ ಕೇಳಿದರು: "ಟೀಚರೇ, ಒಳ್ಳೆಯ ಕೊಲೆ ಯಾವುದಾದರೂ ಉಂಟಾ? ಮಗಳಿಗೆ."

ಅವರು ಸರಸಕ್ಕ. ಮಗಳು ವನಜ. ಮಗಳಿಗೆ ನಡೆಯಲಾಗುವುದಿಲ್ಲ ಎಂದಷ್ಟೇ ಆ ದಿನ ಹೇಳಿದರು. ಎಣ್ಮಕಜೆಯವರು ಅಷ್ಟು ಹೇಳಿದರೆ ನಾವು ಮುಂದೆ ಕೇಳುವುದಿಲ್ಲ. ಗೇರುತೋಟದ ಗುಡ್ಡಗಳ ಮೇಲೆ ವರ್ಷಗಳ ಕಾಲ ಹೆಲಿಕಾಪ್ಟರಿನಿಂದ ಸುರಿದ ಕೀಟನಾಶಕದ ವಿಷ ಯಾವ ಯಾವ ಮನೆಯೊಳಗೆ ಇಳಿಯಿತು ಎಂಬುದು ಈ ಕಡೆ ಎಲ್ಲರಿಗೂ ಗೊತ್ತಿರುವ ಕತೆ. ಎರಡು ಪುಸ್ತಕ ಕೊಟ್ಟು ಕಳಿಸಿದೆ. ಮುಂದಿನ ಶನಿವಾರ ಸರಸಕ್ಕ ಅವನ್ನು ವಾಪಸು ತಂದು ಮೇಜಿನ ಮೇಲಿಟ್ಟು, ಒಂದು ಆಗಬಹುದಂತೆ, ಇನ್ನೊಂದರಲ್ಲಿ ಕೊಲೆಗಾರ ಮೂರನೆಯ ಪುಟದಲ್ಲೇ ಸಿಕ್ಕಿಬಿದ್ದನಂತೆ, ಟೀಚರು ಇನ್ನೂ ಸ್ವಲ್ಪ ಕಷ್ಟದ್ದು ಕೊಡಬೇಕಂತೆ ಎಂದು ಸಂಕೋಚದಿಂದ ವರದಿ ಒಪ್ಪಿಸಿದರು. ಇಂಥ ಓದುಗಾರ್ತಿಯನ್ನು ಮನೆಗೇ ಹೋಗಿ ನೋಡಬೇಕೆನಿಸಿತು.

ವನಜಳಿಗೆ ಮೂವತ್ತು ದಾಟಿದೆ. ಕಾಲುಗಳು ಹುಟ್ಟಿನಿಂದಲೇ ಅವಳ ಮಾತು ಕೇಳಿದವಲ್ಲ, ಕೈಬೆರಳುಗಳು ಒಳಮುಖವಾಗಿ ಮುದುರಿವೆ. ಕಿಟಕಿಯ ಬಳಿಯ ಮಂಚದಲ್ಲಿ ಒಂದು ಮಗ್ಗುಲಾಗಿ ಮಲಗಿ, ಕಣ್ಣಿನ ನೇರಕ್ಕೆ ವ್ಯಾಸಪೀಠ ಇರಿಸಿಕೊಂಡು, ಮಣಿಕಟ್ಟಿನಿಂದ ಪುಟವನ್ನು ಮೆಲ್ಲನೆ ತಳ್ಳಿ ತಿರುವುತ್ತಾಳೆ. ಜೋರಾಗಿ ಓದುತ್ತಾಳೆ, ಅಡುಗೆಮನೆಯಲ್ಲಿ ಅಮ್ಮನಿಗೂ ಕೇಳಲೆಂದು. ಆ ಕಿಟಕಿಯಿಂದ ಒಂದು ಗುಡ್ಡ, ಒಂದು ತುಂಡು ಆಕಾಶ, ಗೇರು ಹೂ ಬಿಡುವ ಕಾಲದಲ್ಲಿ ಅದರ ಮತ್ತಿನಂಥ ವಾಸನೆ, ಇಷ್ಟು ಒಳಗೆ ಬರುತ್ತವೆ. ಉಳಿದ ಲೋಕವನ್ನೆಲ್ಲ ಪುಸ್ತಕಗಳು ತಂದುಕೊಡುತ್ತವೆ. ಹೊಗೆ ತುಂಬಿದ ಬಂದರು, ಹಿಮ ಬಿದ್ದ ರೈಲುನಿಲ್ದಾಣ, ದೊಡ್ಡ ನಗರದ ಹಿಂದಿನ ಗಲ್ಲಿ. ಅಲ್ಲೆಲ್ಲ ಅವಳು ಓಡಾಡಿದ್ದಾಳೆ, ಅದೂ ಕೊಲೆಗಾರನ ಬೆನ್ನ ಹಿಂದೆಯೇ.

ಪುಸ್ತಕ ಒಯ್ಯುವವಳು ನಾನಾದರೂ, ಬಹಳ ಬೇಗ ಶಿಫಾರಸು ಮಾಡುವವಳು ಅವಳಾದಳು. ವರ್ಕಾಡಿಯ ಜೀಪು ಚಾಲಕರೊಬ್ಬರು, ಒಬ್ಬ ನರ್ಸ್, ನನ್ನಂಥ ಕೆಲವು ಟೀಚರುಗಳು ಸೇರಿದ ಒಂದು ಪುಟ್ಟ ವಾಟ್ಸಾಪ್ ಗುಂಪು ನಮ್ಮದು. ಪುಸ್ತಕ ಮುಗಿದ ಕೂಡಲೇ ಅದರಲ್ಲಿ ವನಜಳ ಧ್ವನಿ ಬರುತ್ತದೆ. ಕತೆ ಬಿಟ್ಟುಕೊಡುವುದಿಲ್ಲ. ಇದನ್ನು ಊಟದ ನಂತರ ಓದಬೇಡಿ, ನಿದ್ರೆಯೂ ಇಲ್ಲ ಜೀರ್ಣವೂ ಇಲ್ಲ ಎನ್ನುತ್ತಾಳೆ. ಈ ಲೇಖಕರಿಗೆ ಹೆಣಗಳ ಮೇಲೆ ಪ್ರೀತಿ ಇದೆ, ಮನುಷ್ಯರ ಮೇಲೆ ಇಲ್ಲ, ಆದ್ದರಿಂದ ಎರವಲು ತಂದು ಓದಿದರೆ ಸಾಕು ಎನ್ನುತ್ತಾಳೆ. ಅವಳು ಬೇಡವೆಂದ ಪುಸ್ತಕವನ್ನು ಜೀಪಿನವರು ಮುಟ್ಟುವುದಿಲ್ಲ.

ಗೆಳೆಯರೇ, ನೋವಿನಲ್ಲಿರುವವರು ಯಾಕೆ ಕೊಲೆಯ ಕತೆಯನ್ನು ಬಯಸುತ್ತಾರೆ ಎಂದು ನಾನು ಬಹಳ ಯೋಚಿಸಿದ್ದೇನೆ. ಸಮಾಧಾನದ ಪುಸ್ತಕಗಳು ಬೇಕಾದಷ್ಟು ಇವೆ, ಅವಳಿಗೆ ಅಂಥವನ್ನು ತಂದುಕೊಟ್ಟವರೂ ಇದ್ದಾರೆ. ಅವು ಅವಳ ಮಂಚದ ಒಂದು ಕಾಲಿನ ಅಡಿಯಲ್ಲಿ ನೆಲದ ತಗ್ಗು ಸರಿಮಾಡುತ್ತಿವೆ. ಪತ್ತೇದಾರಿ ಕಾದಂಬರಿಯಲ್ಲಿ ಒಬ್ಬ ಅನಾಮಧೇಯ ಮುದುಕ ಸತ್ತರೂ ಲೋಕ ಒಮ್ಮೆ ನಿಂತು, ಇದು ಯಾಕಾಯಿತು, ಯಾರಿಂದಾಯಿತು ಎಂದು ಕೇಳುತ್ತದೆ. ವಿಧಿ ಎಂಬ ಉತ್ತರವನ್ನು ಅಲ್ಲಿ ಯಾರೂ ಒಪ್ಪುವುದಿಲ್ಲ. ಬಹುಶಃ ಅದೇ ಅವಳಿಗೆ ಹಿಡಿಸಿರಬೇಕು ಎಂದುಕೊಂಡಿದ್ದೆ.

ಸರಸಕ್ಕನ ಸಂಗತಿ ಬೇರೆ. ಅವರೂ ಅಡುಗೆಮನೆಯಿಂದಲೇ ಅಪರಾಧಿಯನ್ನು ಊಹಿಸುತ್ತಿದ್ದರು, ಯಾವಾಗಲೂ ತಪ್ಪುತ್ತಿದ್ದರು. ಅವರ ಅನುಮಾನ ಬೀಳುತ್ತಿದ್ದದ್ದು ಪ್ರತಿ ಸಲವೂ ಮನೆಯ ಹೆಂಗಸಿನ ಮೇಲೆ: ತಾಯಿ, ಅತ್ತಿಗೆ, ಇಲ್ಲದಿದ್ದರೆ ಹಾಲು ಕೊಟ್ಟ ಅಜ್ಜಿ. ನಮ್ಮ ಗುಂಪಿನಲ್ಲಿ ಇದೊಂದು ತಮಾಷೆಯೇ ಆಗಿಹೋಗಿತ್ತು.

ಕಳೆದ ವರ್ಷ ಹೊಸ ಲೇಖಕಿಯೊಬ್ಬರ ಮೊದಲ ಕಾದಂಬರಿ ಬಂತು. ಒಂದು ಕಣಿವೆಯ ಹಳ್ಳಿ, ಅಲ್ಲಿ ಹರಿಯುವ ತೋಡಿನ ನೀರು ಕುಡಿದವರಿಗೆಲ್ಲ ಒಂದು ಹೆಸರಿಲ್ಲದ ಕಾಯಿಲೆ, ತನಿಖೆಗೆ ಬಂದ ಮೊಂಡು ಸ್ವಭಾವದ ಇನ್ಸ್‌ಪೆಕ್ಟರಮ್ಮ, ಕೊನೆಗೆ ಕಾರ್ಖಾನೆಯ ಮಾಲೀಕನ ಕೈಗೆ ಬೇಡಿ. ಬಸ್ಸಿನಲ್ಲಿ ಓದುತ್ತಾ ನನ್ನ ಕನಸುಗಾರಿಕೆಯೆಲ್ಲ ಹಾರಿಹೋಯಿತು. ಬಹಳ ಚೆನ್ನಾಗಿತ್ತು. ಇದನ್ನು ಎಣ್ಮಕಜೆಗೆ ಹೇಗೆ ಒಯ್ಯಲಿ? ಒಯ್ಯದಿದ್ದರೆ, ಬೇರೆಯವರು ಹೊಗಳುವುದನ್ನು ಅವಳು ಕೇಳಿದ ದಿನ ಏನು ಹೇಳಲಿ? ಮಗಳಿಗೆ ಗೊತ್ತಾಗದಂತೆ ಸರಸಕ್ಕನನ್ನು ಅಂಗಳಕ್ಕೆ ಕರೆದು, ಕತೆಯ ವಿಷಯ ತಿಳಿಸಿ, ಕೊಡುವುದೋ ಬೇಡವೋ ಎಂದು ಕೇಳಿದೆ. ಅವರು ಪುಸ್ತಕವನ್ನು ಕೈಗೆ ತೆಗೆದುಕೊಂಡು ಹಿಂದೆ ಮುಂದೆ ತಿರುಗಿಸಿ ನೋಡಿದರು.

"ಅವಳಿಗೆ ಗೊತ್ತಿಲ್ಲದ್ದು ಇದರಲ್ಲಿ ಎಂತ ಉಂಟು ಟೀಚರೇ? ಕೊಡಿ."

ಕೊಟ್ಟೆ. ಆಮೇಲೆ ಗುಂಪಿನಲ್ಲಿ ವನಜಳ ದನಿ ಕೇಳಲಿಲ್ಲ. ಒಂದು ವಾರ ಹೋಯಿತು, ಇನ್ನೊಂದು ಬಂತು. ಜೀಪಿನವರು ನನಗೇ ಫೋನ್ ಮಾಡಿ, ಪುಸ್ತಕದ ಅಂಗಡಿಯವರು ಮುಚ್ಚಿದರಾ ಎಂತ ಎಂದು ವಿಚಾರಿಸಿದರು. ನಾನು ಸರಸಕ್ಕನಿಗೆ ಕರೆ ಮಾಡಿದಾಗ, ಅವಳು ಮುಗಿಸಿ ಮತ್ತೆ ಮೊದಲಿಂದ ಓದುತ್ತಿದ್ದಾಳೆ, ಈ ಸಲ ಮೆಲ್ಲಗೆ, ಬಾಯಿಬಿಟ್ಟು ಓದುವುದಿಲ್ಲ ಎಂದಷ್ಟೇ ತಿಳಿಯಿತು. ಅವರ ದನಿಯೂ ಬಾಡಿತ್ತು. ಭಾನುವಾರ ಬೆಳಗ್ಗೆಯೇ ಹೊರಟೆ. ಪಾರೆಯ ಮೇಲೆ, ನಮ್ಮ ಈ ಕೆಂಪು ಕಲ್ಲಿನ ಬಯಲಿನ ಮೇಲೆ, ಮಂಜು ಇನ್ನೂ ಸರಿದಿರಲಿಲ್ಲ. ದಾರಿ ಕಾಲಬುಡದಲ್ಲಿ ಮಾತ್ರ ಇತ್ತು, ಮುಂದೆ ಇರಲಿಲ್ಲ.

ವನಜ ನನ್ನನ್ನು ಕೂರಿಸಿ ಅಮ್ಮನನ್ನೂ ಕರೆದಳು. ಸರಸಕ್ಕ ಬಾಗಿಲ ದಾರಂದಕ್ಕೆ ಒರಗಿ ನಿಂತರು, ಒಳಗೆ ಬರಲಿಲ್ಲ.

ಪುಸ್ತಕ ಒಳ್ಳೆಯದು ಎಂದಳು ವನಜ. ಕೊನೆ ಮಾತ್ರ ಅವಳಿಗೆ ಒಪ್ಪಿಗೆಯಾಗಿರಲಿಲ್ಲ. ಒಬ್ಬನ ಕೈಗೆ ಬೇಡಿ ಹಾಕಿ ಮುಗಿಸುವ ಸಂಗತಿಯೇ ಅಲ್ಲ ಅದು, ಸಹಿ ಹಾಕಿದವರು, ಸುಮ್ಮನಿದ್ದವರು, ಏನೂ ಆಗುವುದಿಲ್ಲ ಎಂದವರು ಎಲ್ಲ ಎಲ್ಲಿ ಹೋದರು ಎಂದು ಕೇಳಿದಳು. ಅದನ್ನು ಗುಂಪಿನಲ್ಲಿಯೂ ಹೇಳುತ್ತೇನೆ, ಆದರೆ ಅದಕ್ಕಿಂತ ಮೊದಲು ಇತ್ಯರ್ಥ ಆಗಬೇಕಾದದ್ದು ಇನ್ನೊಂದು ಉಂಟು ಎಂದಳು. ಕತೆಯಲ್ಲಿ ಒಬ್ಬ ತಾಯಿ ಬರುತ್ತಾಳೆ, ತೋಡಿನಿಂದ ನೀರು ತಂದು ತನ್ನ ಕೂಸಿಗೆ ಕುಡಿಸುತ್ತಾಳೆ. ಆ ಪುಟ ಓದುತ್ತಿದ್ದಾಗಲೇ ಸರಸಕ್ಕ ಅಡುಗೆಮನೆಯಿಂದ, ಇವಳೇ, ಇವಳೇ ಮಾಡಿದ್ದು ಎಂದರಂತೆ. ಆಮೇಲೆ ಕತೆ ಕೇಳುವುದಿಲ್ಲವೆಂದು ಹಿತ್ತಿಲಿಗೆ ಹೋಗಿ ಕೂತವರು, ಸಂಜೆಯಾದರೂ ಒಳಗೆ ಬರಲಿಲ್ಲವಂತೆ.

ವನಜ ತಾಯಿಯ ಕಡೆ ತಿರುಗಿದಳು. "ಆ ಹೆಂಗಸಿಗೆ ನೀರಿನಲ್ಲಿ ಎಂತ ಉಂಟೂಂತ ಗೊತ್ತಿತ್ತಾ ಅಮ್ಮ?"

"ಇಲ್ಲ."

"ಯಾರಾದರೂ ಹೇಳಿದ್ದರಾ?"

"ಇಲ್ಲ. ಆದ್ರೆ ಕೊಟ್ಟದ್ದು ಅವಳೇ ಅಲ್ವಾ?"

ಆಗ ನನಗೆ ಅರ್ಥವಾಯಿತು, ಇಷ್ಟು ಪುಸ್ತಕಗಳಲ್ಲಿ ಸರಸಕ್ಕ ಹುಡುಕಿದ್ದು ಯಾರನ್ನು ಎಂದು. ಹಿಂದೊಮ್ಮೆ ಅವರೇ ಹೇಳಿದ್ದು ನೆನಪಾಯಿತು. ವನಜ ಹೊಟ್ಟೆಯಲ್ಲಿದ್ದಾಗ, ಗೇರುತೋಟದ ಮೇಲೆ ಮದ್ದು ಬಿಡಲು ಹೆಲಿಕಾಪ್ಟರ್ ಬಂದ ದಿನ, ಅವರು ನೆರೆಯ ಹೆಂಗಸರ ಜೊತೆ ಗುಡ್ಡೆ ಹತ್ತಿ ಅದನ್ನು ನೋಡಲು ಹೋಗಿದ್ದರು. ಮಗು ಹೀಗೆ ಹುಟ್ಟಿದ ಮೇಲೆ ಅತ್ತೆ ಒಂದೇ ಒಂದು ಸಲ, ಬಸುರಿ ಹೆಂಗಸು ಅದನ್ನು ನೋಡಲು ಓಡಿದ್ದಕ್ಕೆ ಎಂದಿದ್ದರಂತೆ. ಅತ್ತೆ ಹೋಗಿ ಎಷ್ಟೋ ಕಾಲವಾಯಿತು. ಮಾತು ಮನೆಯಲ್ಲೇ ಉಳಿದುಕೊಂಡಿತ್ತು.

"ಅಮ್ಮ, ನಾನು ಇಷ್ಟು ಪುಸ್ತಕ ಓದಿದ್ದೇನೆ," ಎಂದಳು ವನಜ. ದನಿಯಲ್ಲಿ ಮರುಕ ಇರಲಿಲ್ಲ, ಒಂದು ಪುಸ್ತಕ ಓದಬಹುದು ಎಂದು ಹೇಳುವಾಗಿನ ಅದೇ ಖಚಿತ ದನಿ. "ಈ ಕೇಸನ್ನೂ ಎಲ್ಲ ಕಡೆಯಿಂದ ನೋಡಿದ್ದೇನೆ. ನಿನ್ನ ಮೇಲೆ ಒಂದು ಸಾಕ್ಷಿಯೂ ಇಲ್ಲ."

ಸರಸಕ್ಕ ಅಳಲಿಲ್ಲ. ಸೆರಗಿನಿಂದ ಕೈ ಒರೆಸಿಕೊಂಡರು, ಒದ್ದೆಯಿಲ್ಲದ ಕೈಯನ್ನೇ ಮತ್ತೆ ಮತ್ತೆ. ಒಲೆಯ ಮೇಲೆ ಏನೋ ಉಕ್ಕಿ ಚುಂಯ್ ಎಂದಿತು, ಯಾರೂ ಎದ್ದು ಹೋಗಲಿಲ್ಲ. ನಾನು ಕಿಟಕಿಯತ್ತ ನೋಡಿದೆ. ನನಗಲ್ಲಿ ಮಾಡುವ ಕೆಲಸವಿರಲಿಲ್ಲ, ಆದರೆ ಏಳುವುದೂ ಸಾಧ್ಯವಿರಲಿಲ್ಲ. ಸರಸಕ್ಕ ಹೊಸ್ತಿಲು ದಾಟಿ ಒಳಗೆ ಬಂದು ಮಂಚದ ತುದಿಯಲ್ಲಿ ಕೂತರು.

"ನೋಡ್ಲಿಕ್ಕೆ ಚಂದ ಇತ್ತು ವನಜಾ," ಎಂದರು. "ಅದನ್ನು ಮಾತ್ರ ಯಾರಿಗೂ ಹೇಳಲಿಕ್ಕೆ ಆಗಲಿಲ್ಲ. ಅಷ್ಟು ಚಂದ ಇತ್ತು."

ಮತ್ತೆ ಅವರು ಹೇಳತೊಡಗಿದರು. ದೊಡ್ಡ ಏರೋಪ್ಲೇನ್ ಚಿಟ್ಟೆಯ ಹಾಗೆ ಅದು ಗುಡ್ಡೆಯ ಆಚೆಯಿಂದ ಎದ್ದು ಬಂದದ್ದು, ಮರಗಳ ತಲೆಗಳು ಒಮ್ಮೆಲೇ ಬಾಗಿದ್ದು, ಹೆಂಗಸರೆಲ್ಲ ನಕ್ಕು ಸೆರಗು ಹಿಡಿದುಕೊಂಡದ್ದು, ಅದರ ಹೊಟ್ಟೆಯಿಂದ ಬೆಳ್ಳಗೆ ಮಂಜಿನಂತೆ ಇಳಿದದ್ದರ ಮೇಲೆ ಬಿಸಿಲು ಬಿದ್ದು, ಒಂದು ಗಳಿಗೆ, ಸಣ್ಣದೊಂದು ಕಾಮನಬಿಲ್ಲು ಮೂಡಿದ್ದು. ಹೊಟ್ಟೆಯ ಮೇಲೆ ಕೈಯಿಟ್ಟು, ನೋಡು ಮಗಾ ಎಂದಿದ್ದರಂತೆ. ಮೂವತ್ತು ವರ್ಷ ಒಳಗೇ ಇಟ್ಟುಕೊಂಡ ಆ ಬೆಳಗು ಒಂದಿಷ್ಟೂ ಮಾಸಿರಲಿಲ್ಲ.

ವನಜ ಕಣ್ಣು ಮುಚ್ಚಿ ಕೇಳುತ್ತಿದ್ದಳು. ಅಮ್ಮ ನಿಲ್ಲಿಸಿದಾಗ, ಕಣ್ಣು ತೆರೆಯದೆಯೇ ಕೇಳಿದಳು:

"ಹೆಲಿಕಾಪ್ಟರಿನ ಬಣ್ಣ ಯಾವುದು ಅಮ್ಮ?"

ಸರಸಕ್ಕ ಮಗಳ ಮುದುರಿದ ಬೆರಳುಗಳನ್ನು ಒಂದೊಂದಾಗಿ ಬಿಡಿಸಿ ತಮ್ಮ ಅಂಗೈಯೊಳಗೆ ಇಟ್ಟುಕೊಂಡು, ಕಿಟಕಿಯ ಆಚೆ ಖಾಲಿ ಆಕಾಶವನ್ನು ನೋಡುತ್ತಾ ನೆನಪು ಮಾಡಿಕೊಳ್ಳತೊಡಗಿದರು.